ಕಲೆಕ್ಟರ್ ‘ರನ್ನಿಂಗ್’ ಅಂತ ತೋರಿಸುತ್ತೆ, ಡೇಟಾ ಮಾತ್ರ ಶಿವಮೊಗ್ಗದ ಸರ್ವರ್‌ಗೆ ಬರುತ್ತಿಲ್ಲ

ತೀರ್ಥಹಳ್ಳಿ_ಹೈಡೆಲ್

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆಯ ಒಂದು ಖಾಸಗಿ ಮಿನಿ ಹೈಡೆಲ್‌ನಲ್ಲಿ ಇನ್‌ಸ್ಟ್ರುಮೆಂಟೇಶನ್ ಕೆಲಸ ನನ್ನದು. ಹಿಸ್ಟೋರಿಯನ್ ಸರ್ವರ್, ಅಂದರೆ ಯಂತ್ರಗಳ ಅಳತೆಗಳನ್ನು ಸಮಯದ ಜೊತೆ ಕೂಡಿಡುವ ಸರ್ವರ್, ಶಿವಮೊಗ್ಗದ ಆಫೀಸಿನಲ್ಲಿದೆ. ಪವರ್‌ಹೌಸಿನಲ್ಲಿ ಒಂದು ಇಂಡಸ್ಟ್ರಿಯಲ್ ಪಿಸಿ ಇದೆ. ಪಿಎಲ್‌ಸಿಯಿಂದ (ಯಂತ್ರ ನಡೆಸುವ ಕಂಟ್ರೋಲರ್) ಅಳತೆ ಓದಿ ಕೊಡುವ ಒಪಿಸಿ ಸರ್ವರ್, ಅದನ್ನು ಶಿವಮೊಗ್ಗಕ್ಕೆ ಕಳಿಸುವ ಕಲೆಕ್ಟರ್ ಎರಡೂ ಅದರಲ್ಲೇ. ಸುಮಾರು 200 ಟ್ಯಾಗ್ (ಒಂದೊಂದು ಅಳತೆಗೆ ಒಂದು ಟ್ಯಾಗ್), 5 ಸೆಕೆಂಡಿಗೊಮ್ಮೆ ಓದುತ್ತೆ: ಫೋರ್‌ಬೇ ನೀರಿನ ಮಟ್ಟ, ಪೆನ್‌ಸ್ಟಾಕ್ ಒತ್ತಡ, ಬೇರಿಂಗ್ ಟೆಂಪರೇಚರ್, ಗೈಡ್ ವೇನ್ ಎಷ್ಟು ತೆರೆದಿದೆ, ಕಿಲೋವ್ಯಾಟ್, ಹೀಗೆ.

ಮೊದಲು ಫೈಬರ್ ಇತ್ತು. ಮಳೆ ಹಿಡಿದ ಮೇಲೆ ಮರ ಬಿದ್ದು ಪದೇ ಪದೇ ತುಂಡಾಗುತ್ತಿತ್ತು. ಹಾಗಾಗಿ 4ಜಿ ರೂಟರ್ ಹಾಕಿ ಅದರ ಮೇಲೆ ವಿಪಿಎನ್ ಕಟ್ಟಿದೆವು. ಅಲ್ಲಿಂದ ಈ ಗೋಳು ಶುರು.

ಪಿಂಗ್ ಹೋಗುತ್ತೆ. ಸರ್ವರ್ ಪೋರ್ಟ್ ಕೂಡ ಓಪನ್ ಇದೆ. ಶಿವಮೊಗ್ಗದಲ್ಲಿ ಕೂತು ಅಡ್ಮಿನ್ ಸ್ಕ್ರೀನ್ ನೋಡಿದರೆ ಕಲೆಕ್ಟರ್ ‘ರನ್ನಿಂಗ್’ ಅಂತ ಹಸಿರು ಬಣ್ಣದಲ್ಲಿದೆ. ಆದರೆ ಸ್ವಲ್ಪ ಹೊತ್ತು ಡೇಟಾ ಬಂದು ಆಮೇಲೆ ಟ್ರೆಂಡ್ ಸಪಾಟು ಗೆರೆ. ಸರ್ವೀಸ್ ರೀಸ್ಟಾರ್ಟ್ ಮಾಡಿದರೆ ಮತ್ತೆ ಬರುತ್ತೆ, ಮತ್ತೆ ನಿಲ್ಲುತ್ತೆ. ಲೈನ್ ಬಹಳ ಹೊತ್ತು ಕಟ್ಟಾಗಿ ವಾಪಸ್ ಬಂದಾಗ ಪರಿಸ್ಥಿತಿ ಇನ್ನೂ ಕೆಟ್ಟದು. ಲೋಕಲ್ ಆಗಿ ಸೇವ್ ಆಗಿರೋ ಡೇಟಾ ಮೇಲೆ ಹೋಗೋದೇ ಇಲ್ಲ.

ನಮ್ಮದು ಮಳೆಗಾಲದಲ್ಲೇ ದುಡಿಯುವ ಘಟಕ. ಬೇರಿಂಗ್ ಟೆಂಪರೇಚರ್ ಹೇಗೆ ಏರುತ್ತಿದೆ ಅಂತ ನೋಡಿಯೇ ಮಷೀನ್ ಯಾವಾಗ ನಿಲ್ಲಿಸಬೇಕು ಅಂತ ತೀರ್ಮಾನ ಮಾಡುವುದು. ಈಗ ಕಳೆದುಹೋದ ಡೇಟಾ ಬೇಸಿಗೆಯಲ್ಲಿ ಹುಡುಕಿದರೆ ಸಿಗಲ್ಲ. ದಯವಿಟ್ಟು ಯಾರಾದರೂ ದಾರಿ ತೋರಿಸಿ.

ಸಾಗರ_ಟೆಕ್

ಎರಡೂ ಕಡೆ ವಿಂಡೋಸ್ ಫೈರ್‌ವಾಲ್ ಆಫ್ ಮಾಡಿ ನೋಡಿ ಸರ್. ಶೇಕಡಾ ತೊಂಬತ್ತು ಅದೇ ಇರುತ್ತೆ.

ಭದ್ರಾವತಿ_ಇನ್‌ಸ್ಟ್ರುಮೆಂಟ್

ಸಾಗರದವರೇ, ಬೇಸರ ಮಾಡ್ಕೋಬೇಡಿ, ಈ ಸಲಹೆ ಬೇಡ. ಟರ್ಬೈನ್ ಪಿಎಲ್‌ಸಿಗೆ ಅಂಟಿಕೊಂಡಿರುವ ಪಿಸಿ ಅದು. ‘ಸುಮ್ನೆ ಒಂದು ಸಲ ನೋಡೋಣ’ ಅಂತ ಆಫ್ ಮಾಡಿದ ಫೈರ್‌ವಾಲ್ ವರ್ಷಗಟ್ಟಲೆ ಹಾಗೇ ಇರೋದನ್ನ ಬೇಕಾದಷ್ಟು ಕಡೆ ನೋಡಿದ್ದೇನೆ. ಬೇಕಾದ ಪೋರ್ಟ್ ಒಂದನ್ನೇ ತೆರೆದರೆ ಸಾಕು. ನಿಮ್ಮ ಹಿಸ್ಟೋರಿಯನ್ ಸಾಫ್ಟ್‌ವೇರ್ ಪ್ರೊಫಿಸಿ ಆದರೆ ಟಿಸಿಪಿ 14000. ಪಿಐ ಸಿಸ್ಟಮ್ ಆದರೆ 5450. ಅದೂ ಕಲೆಕ್ಟರ್ ಇರುವ ಐಪಿಯಿಂದ ಮಾತ್ರ ಅಂತ ರೂಲ್ ಬರೆಯಿರಿ. ಅಷ್ಟಕ್ಕೂ ಅವರ ಪೋರ್ಟ್ ಓಪನ್ ಇದೆ, ಡೇಟಾ ಸ್ವಲ್ಪ ಹೊತ್ತು ಬರುತ್ತಲೂ ಇದೆ. ಫೈರ್‌ವಾಲ್ ತಡೆದಿದ್ದರೆ ಮೊದಲ ಸೆಕೆಂಡಿನಿಂದಲೇ ಬರುತ್ತಿರಲಿಲ್ಲ, ಅಲ್ವಾ?

ತೀರ್ಥಹಳ್ಳಿಯವರೇ, ಆ ಹಸಿರು ಬಣ್ಣ ಮರೆತುಬಿಡಿ. ‘ರನ್ನಿಂಗ್’ ಅಂದರೆ ಕಲೆಕ್ಟರ್ ಪ್ರೋಗ್ರಾಂ ಜೀವಂತ ಇದೆ, ಸರ್ವರ್‌ಗೆ ಹಾಜರಿ ಹಾಕಿದೆ ಅಂತಷ್ಟೇ. ಡೇಟಾ ತಲುಪುತ್ತಿದೆ ಅಂತ ಅರ್ಥ ಅಲ್ಲ.

ಡೇಟಾ ಸಾಗುವ ದಾರಿಯನ್ನು ಮೂರು ತುಂಡು ಮಾಡಿ. ಪಿಎಲ್‌ಸಿಯಿಂದ ಕಲೆಕ್ಟರ್‌ವರೆಗೆ ಒಂದು. ಕಲೆಕ್ಟರ್ ಪಿಸಿಯ ಒಳಗೆ, ಅಂದರೆ ಕಳಿಸಲು ಆಗದ ಡೇಟಾ ಕೂಡಿಡುವ ಡಿಸ್ಕ್ ಮೇಲಿನ ಬಫರ್ ಎರಡನೆಯದು. ಕಲೆಕ್ಟರ್‌ನಿಂದ ಸರ್ವರ್‌ವರೆಗೆ ಮೂರನೆಯದು. ಎಲ್ಲಿ ಸಿಕ್ಕಿಕೊಂಡಿದೆ ಅಂತ ಮೊದಲು ಗೊತ್ತಾಗಬೇಕು. ಅದು ಗೊತ್ತಾಗುವ ತನಕ ಯಾವ ಸೆಟ್ಟಿಂಗನ್ನೂ ಮುಟ್ಟಬೇಡಿ.

ಟ್ರೆಂಡ್ ನಿಂತಿರುವಾಗಲೇ ಪವರ್‌ಹೌಸಿನ ಪಿಸಿಯಲ್ಲಿ ಕೂತು ನೋಡಿ. ಒಪಿಸಿ ಟೆಸ್ಟ್ ಕ್ಲೈಂಟ್‌ನಲ್ಲಿ ಬೆಲೆ ಬದಲಾಗುತ್ತಿದೆಯಾ, ಕ್ವಾಲಿಟಿ 192 ಇದೆಯಾ? 192 ಅಂದರೆ ಒಳ್ಳೆಯದು, 0 ಅಂದರೆ ಕೆಟ್ಟದ್ದು. ಆಮೇಲೆ ಬಫರ್ ಫೋಲ್ಡರ್ ತೆರೆದು ಫೈಲ್ ಗಾತ್ರ ನೋಡಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿ. ಬೆಳೆಯುತ್ತಿದ್ದರೆ ತಪ್ಪು ಸರ್ವರ್ ದಿಕ್ಕಿನಲ್ಲಿದೆ. ಬೆಳೆಯದೆ ಇದ್ದು ಡೇಟಾ ಕೂಡ ಬಾರದಿದ್ದರೆ ಪಿಎಲ್‌ಸಿ ದಿಕ್ಕಿನಲ್ಲಿ ಹುಡುಕಿ. ಕಲೆಕ್ಟರ್ ಲಾಗ್‌ನ ಕೊನೆಯ ಸಾಲುಗಳನ್ನೂ ಇಲ್ಲಿ ಬರೆಯಿರಿ.

ತೀರ್ಥಹಳ್ಳಿ_ಹೈಡೆಲ್

ಸರ್, ನೋಡಿದೆ. ಕ್ವಾಲಿಟಿ 192, ಬೆಲೆಗಳು ಸರಿಯಾಗಿ ಬದಲಾಗುತ್ತಿವೆ. ಬಫರ್ ಫೈಲ್ ಕಣ್ಣೆದುರೇ ಬೆಳೆಯುತ್ತಿದೆ. ಲಾಗ್‌ನಲ್ಲಿ ‘ಕನೆಕ್ಷನ್ ಲಾಸ್ಟ್’, ಆಮೇಲೆ ‘ಕನೆಕ್ಟೆಡ್’, ಮತ್ತೆ ‘ಲಾಸ್ಟ್’, ಇದೇ ಜೋಡಿ ಸಾಲುಗಳು. ಯೂಸರ್, ಪಾಸ್‌ವರ್ಡ್, ಅನುಮತಿ ಬಗ್ಗೆ ಒಂದು ಸಾಲೂ ಇಲ್ಲ.

ಇನ್ನೊಂದು ವಿಷಯ. ನೆಟ್‌ಸ್ಟ್ಯಾಟ್‌ನಲ್ಲಿ ಇಲ್ಲಿಂದ ಕನೆಕ್ಷನ್ ‘ಎಸ್ಟಾಬ್ಲಿಷ್ಡ್’ ಅಂತಿದೆ. ಅದೇ ಹೊತ್ತಿಗೆ ಶಿವಮೊಗ್ಗದವರು ನೋಡಿದರೆ ಆ ಕನೆಕ್ಷನ್ನೇ ಇಲ್ಲ ಅಂತಾರೆ. ಇದು ಹೇಗೆ?

ಮಾಚೇನಹಳ್ಳಿ_ಫೌಂಡ್ರಿ

ಇದೇ ಥರದ್ದು ನಮ್ಮಲ್ಲೂ ಇದೆ. ಫರ್ನೇಸ್ ಡೇಟಾ ಬರ್ತಿಲ್ಲ. ಆದರೆ ನಮ್ಮದು ಒಂದೇ ಕ್ಯಾಂಪಸ್, ಲ್ಯಾನ್ ಮೇಲೆ. ನೋಡ್ತಾ ಇರ್ತೀನಿ.

ವರದಾ_ನೆಟ್‌ವರ್ಕ್

ತೀರ್ಥಹಳ್ಳಿ ಸರ್, ಒಂದು ಕಡೆ ಇದೆ, ಇನ್ನೊಂದು ಕಡೆ ಇಲ್ಲ ಅನ್ನೋದು ಅರ್ಧ ಸತ್ತ ಕನೆಕ್ಷನ್. ಮಧ್ಯದ ದಾರಿಯಲ್ಲಿ ಪ್ಯಾಕೆಟ್ ಬಿದ್ದುಹೋಗುತ್ತಿವೆ, ಒಂದು ತುದಿಗೆ ಇನ್ನೂ ಸುದ್ದಿ ಮುಟ್ಟಿಲ್ಲ. ನೀವು ಬರೆದ ಲಕ್ಷಣ ಓದಿದ ಕೂಡಲೇ ನನಗೆ ಎಂಟಿಯು (ದಾರಿಯಲ್ಲಿ ಹಿಡಿಸುವ ಅತಿ ದೊಡ್ಡ ಪ್ಯಾಕೆಟ್‌ನ ಗಾತ್ರ) ಮೇಲೆ ಅನುಮಾನ.

ವಿಂಡೋಸ್ ಪಿಂಗ್ ಕಳಿಸೋದು ಬರೀ 32 ಬೈಟ್. ಅದು ಹೋದರೆ ಸಣ್ಣ ಪ್ಯಾಕೆಟ್ ಹೋಗುತ್ತೆ ಅಂತಷ್ಟೇ ಗೊತ್ತಾಗುತ್ತೆ. ಈಥರ್‌ನೆಟ್‌ನಲ್ಲಿ ಒಂದು ಪ್ಯಾಕೆಟ್ 1500 ಬೈಟ್‌ವರೆಗೆ ಇರಬಹುದು. 4ಜಿ ಮೇಲೆ ವಿಪಿಎನ್ ಹಾಕಿದಾಗ ಪ್ರತಿ ಪ್ಯಾಕೆಟ್‌ಗೂ ಇನ್ನೊಂದು ಹೊದಿಕೆ ಬೀಳುತ್ತೆ, ಒಳಗಿನ ಜಾಗ ಅಷ್ಟು ಕಮ್ಮಿಯಾಗುತ್ತೆ. ಗಾಜನೂರು ದಾರಿಯ ಬಸ್ಸಿನ ಬಾಗಿಲಲ್ಲಿ ಕೈಚೀಲ ಸಲೀಸಾಗಿ ಹೋಗುತ್ತೆ, ಅಡಿಕೆ ಮೂಟೆ ಅಡ್ಡಡ್ಡ ಸಿಕ್ಕಿಕೊಳ್ಳುತ್ತೆ, ಹಾಗೆ.

ಪಿಂಗ್ ಆಜ್ಞೆಗೆ ‘ತುಂಡು ಮಾಡಬೇಡ’ ಅನ್ನುವ ಎಫ್ ಆಯ್ಕೆ, ಗಾತ್ರ ಹೇಳುವ ಎಲ್ ಆಯ್ಕೆ ಎರಡನ್ನೂ ಸೇರಿಸಿ, ಕಲೆಕ್ಟರ್ ಪಿಸಿಯಿಂದ ಸರ್ವರ್‌ಗೆ ಹೊಡೆಯಿರಿ. 1472ರಿಂದ ಶುರು ಮಾಡಿ. ಅದಕ್ಕೆ ಹೆಡರ್‌ನ 28 ಸೇರಿದರೆ 1500. ಹೋಗದಿದ್ದರೆ 1400, 1300 ಅಂತ ಇಳಿಸಿ. ಎಲ್ಲಿ ಹೋಗುತ್ತೆ, ಎಲ್ಲಿ ನಿಲ್ಲುತ್ತೆ ಅನ್ನೋದನ್ನ ಒಂದು ಬೈಟ್ ಮಟ್ಟಕ್ಕೆ ಹುಡುಕಿ. ಫೇಲ್ ಆದಾಗ ಸ್ಕ್ರೀನ್ ಮೇಲೆ ಏನು ಬರುತ್ತೆ ಅಂತಲೂ ಹೇಳಿ. ಅದು ಮುಖ್ಯ.

ತೀರ್ಥಹಳ್ಳಿ_ಹೈಡೆಲ್

ಮೇಡಂ, 1472 ಇಲ್ಲ. 1400 ಇಲ್ಲ. 1300 ಹೋಯಿತು. ಆಮೇಲೆ ಮಧ್ಯದಲ್ಲಿ ಹುಡುಕಿದೆ: 1332 ಹೋಗುತ್ತೆ, 1333 ಹೋಗಲ್ಲ. ಫೇಲ್ ಆದಾಗ ‘ರಿಕ್ವೆಸ್ಟ್ ಟೈಮ್ಡ್ ಔಟ್’ ಅಂತ ಮಾತ್ರ ಬರುತ್ತೆ.

ವರದಾ_ನೆಟ್‌ವರ್ಕ್

ಸಿಕ್ಕಿತು. 1332ಕ್ಕೆ 28 ಸೇರಿಸಿದರೆ 1360. ನಿಮ್ಮ ದಾರಿಯ ನಿಜವಾದ ಎಂಟಿಯು ಅದು.

ದೊಡ್ಡ ಪ್ಯಾಕೆಟ್ ಹಿಡಿಸದಿದ್ದರೆ ಮಧ್ಯದ ರೂಟರ್ ‘ಇದು ದೊಡ್ಡದಾಯಿತು, ಚಿಕ್ಕದು ಕಳಿಸು’ ಅಂತ ಒಂದು ಐಸಿಎಂಪಿ (ನೆಟ್‌ವರ್ಕ್‌ನ ತೊಂದರೆ ತಿಳಿಸುವ) ಸಂದೇಶ ವಾಪಸ್ ಕಳಿಸಬೇಕು. ಆಗ ಪಿಂಗ್‌ನಲ್ಲಿ ‘ಫ್ರಾಗ್ಮೆಂಟ್ ಆಗಬೇಕು, ಆದರೆ ಡಿಎಫ್ ಸೆಟ್ ಆಗಿದೆ’ ಅನ್ನುವ ಸಾಲು ಬರುತ್ತೆ. ನಿಮಗೆ ಬರೀ ಟೈಮ್ಡ್ ಔಟ್ ಬಂದಿದೆ. ಅಂದರೆ ಆ ಸಂದೇಶವನ್ನೇ ದಾರಿಯಲ್ಲಿ ಯಾರೋ ತಡೆಯುತ್ತಿದ್ದಾರೆ, ಅಥವಾ ಯಾರೂ ಕಳಿಸುತ್ತಿಲ್ಲ. ಪಿಸಿಗೆ ತನ್ನ ಪ್ಯಾಕೆಟ್ ಏನಾಯಿತು ಅಂತ ತಿಳಿಯಲ್ಲ. ಅದೇ ಪ್ಯಾಕೆಟ್ ಮತ್ತೆ ಮತ್ತೆ ಕಳಿಸುತ್ತೆ. ಟಿಸಿಪಿಯಲ್ಲಿ ಮುಂದಿನದು ಹಿಂದಿನದನ್ನು ದಾಟಿ ಹೋಗುವ ಹಾಗಿಲ್ಲ, ಎಲ್ಲಾ ಅದರ ಹಿಂದೆ ಕಾಯುತ್ತವೆ. ಕೊನೆಗೆ ಕನೆಕ್ಷನ್ ಸಾಯುತ್ತೆ.

ನಿಮ್ಮ ಲಕ್ಷಣಗಳೆಲ್ಲ ಇದಕ್ಕೆ ಹೊಂದುತ್ತವೆ. ರೀಸ್ಟಾರ್ಟ್ ಆದಾಗ ಲಾಗಿನ್, ಹಾರ್ಟ್‌ಬೀಟ್ ಎಲ್ಲಾ ಸಣ್ಣವು, ದಾಟಿ ಹೋಗುತ್ತವೆ. ಮಷೀನ್ ಒಂದೇ ಲೋಡ್‌ನಲ್ಲಿದ್ದಾಗ ಕೆಲವೇ ಟ್ಯಾಗ್ ಬದಲಾಗುತ್ತವೆ, ಅವೂ ಹೋಗುತ್ತವೆ. ಒಟ್ಟಿಗೆ ಬಹಳ ಟ್ಯಾಗ್ ಬದಲಾದರೆ ಪ್ಯಾಕೆಟ್ ತುಂಬುತ್ತೆ, ನಿಂತುಬಿಡುತ್ತೆ. ಬಫರ್‌ನ ಹಳೆ ಡೇಟಾ ಅಂತೂ ಕಟ್ಟು ಕಟ್ಟಾಗಿಯೇ ಹೊರಡೋದು, ಅದು ಒಂದು ಹೆಜ್ಜೆಯೂ ಮುಂದೆ ಹೋಗಲ್ಲ.

ಪರಿಹಾರ: ವಿಪಿಎನ್ ರೂಟರ್‌ನಲ್ಲಿ ‘ಎಂಎಸ್‌ಎಸ್ ಕ್ಲ್ಯಾಂಪ್’ ಅನ್ನುವ ಸೆಟ್ಟಿಂಗ್ ಹುಡುಕಿ. ಎಂಎಸ್‌ಎಸ್ ಅಂದರೆ ಒಂದು ಪ್ಯಾಕೆಟ್‌ನಲ್ಲಿ ಹೆಡರ್ ಬಿಟ್ಟು ಹಿಡಿಸುವ ಡೇಟಾ. 1360ರಲ್ಲಿ ಐಪಿ, ಟಿಸಿಪಿ ಹೆಡರ್‌ಗಳ 40 ಕಳೆದರೆ 1320. ಅಷ್ಟು ಹಾಕಿ. ಮೊಬೈಲ್ ನೆಟ್‌ವರ್ಕ್‌ನಲ್ಲಿ ದಾರಿ ಬದಲಾಗುತ್ತಿರುತ್ತೆ, ಆದ್ದರಿಂದ ನಾನಾದರೆ 1300 ಹಾಕುತ್ತೇನೆ. ಕನೆಕ್ಷನ್ ಶುರುವಾಗುವ ಹೊತ್ತಿಗೇ ಎರಡೂ ತುದಿಗೆ ‘ಇದಕ್ಕಿಂತ ದೊಡ್ಡದು ಬೇಡ’ ಅಂತ ಗೊತ್ತಾಗುತ್ತೆ. ಕಲೆಕ್ಟರ್‌ನಲ್ಲಿ ಏನೂ ಬದಲಾಯಿಸಬೇಕಿಲ್ಲ, ಸರ್ವೀಸ್ ಒಮ್ಮೆ ರೀಸ್ಟಾರ್ಟ್ ಮಾಡಿ ಹೊಸ ಕನೆಕ್ಷನ್ ಆಗಲಿ. ನಿಮ್ಮ ಆಫೀಸಿನ ಫೈರ್‌ವಾಲ್‌ನಲ್ಲಿ ಐಸಿಎಂಪಿ ಪೂರ್ತಿ ಬಂದ್ ಮಾಡಿದ್ದರೆ, ಈ ‘ಫ್ರಾಗ್ಮೆಂಟೇಶನ್ ನೀಡೆಡ್’ ಒಂದನ್ನಾದರೂ ಬಿಡಲು ಹೇಳಿ.

ಆಗುಂಬೆ_ಸೋಲಾರ್

ಒಂದು ಸಂಶಯ. ನಮ್ಮ ಕಡೆ ವರ್ಷಕ್ಕೆ 7000 ಮಿಲಿಮೀಟರ್‌ಗೂ ಜಾಸ್ತಿ ಮಳೆ. ಮಳೆ ಜೋರಾದರೆ 4ಜಿ ಹೋಗೋದು ಸಹಜ ಅಂತ ಎಲ್ಲರೂ ಹೇಳ್ತಾರೆ. ಇವರದ್ದೂ ಅದೇ ಇರಬಹುದಲ್ವಾ?

ವರದಾ_ನೆಟ್‌ವರ್ಕ್

ಮಳೆಹನಿ ರೇಡಿಯೋ ಸಿಗ್ನಲನ್ನು ನುಂಗೋದು ಹೆಚ್ಚಾಗಿ 10 ಗಿಗಾಹರ್ಟ್ಸ್ ಮೇಲೆ. ಡಿಟಿಎಚ್ ಮಳೆಯಲ್ಲಿ ನಿಲ್ಲೋದು ಅದಕ್ಕೇ. ನಮ್ಮ 4ಜಿ 3 ಗಿಗಾಹರ್ಟ್ಸ್‌ಗಿಂತ ಕೆಳಗಿದೆ, ಅಲ್ಲಿ ಮಳೆಯ ಪಾತ್ರ ತುಂಬಾ ಕಮ್ಮಿ. ನೆನೆದ ಕಾಡು ಮಾತ್ರ ಸಿಗ್ನಲ್ ಹೀರುತ್ತೆ. ಕರೆಂಟ್ ಹೋಗಿ ಟವರ್‌ನ ಬ್ಯಾಟರಿ ಮುಗಿದರೂ ಸಿಗ್ನಲ್ ಹೋಗುತ್ತೆ. ನೀರು ಇಳಿದ ಆಂಟೆನಾ ಕನೆಕ್ಟರ್ ಮೂರನೆಯದು. ಮಳೆಗೆ ಕೊಡೆ ಹಿಡಿಯೋಕೆ ಆಗಲ್ಲ, ಆದರೆ ಈ ಮೂರರಲ್ಲಿ ಎರಡಕ್ಕೆ ನಾವೇ ಏನಾದರೂ ಮಾಡಬಹುದು: ಆಂಟೆನಾ ಮರದ ಮಟ್ಟಕ್ಕಿಂತ ಮೇಲೆ ಏರಿಸಿ, ಕನೆಕ್ಟರ್‌ಗೆ ಸೆಲ್ಫ್ ಅಮಾಲ್ಗಮೇಟಿಂಗ್ ಟೇಪ್ ಸುತ್ತಿ. ಸಿಡಿಲಿಗೆ ಆಂಟೆನಾ ಕೇಬಲ್ ಮೇಲೆ ಸರ್ಜ್ ಅರೆಸ್ಟರ್ ಹಾಕಿ, ಅದರ ಅರ್ತಿಂಗ್ ಸರಿಯಿರಲಿ.

ರೂಟರ್ ಪೇಜಿನಲ್ಲಿ ಆರ್‌ಎಸ್‌ಆರ್‌ಪಿ ಅಂತ ಒಂದು ಸಂಖ್ಯೆ ಇರುತ್ತೆ. ಮೈನಸ್ 90 ಆಸುಪಾಸು ಇದ್ದರೆ ಚೆನ್ನಾಗಿದೆ. ಮೈನಸ್ 110 ದಾಟಿದರೆ ಆಗ ಸಿಗ್ನಲ್ ಬಗ್ಗೆ ಯೋಚಿಸಿ.

ತೀರ್ಥಹಳ್ಳಿ_ಹೈಡೆಲ್

ಮೇಡಂ, 1300 ಹಾಕಿದೆವು. ಬಫರ್ ಫೋಲ್ಡರ್ ನೋಡ್ತಾ ಕೂತಿದ್ದೆ. ಫೈಲುಗಳು ಒಂದೊಂದಾಗಿ ಕರಗಿದವು. ಶಿವಮೊಗ್ಗದಲ್ಲಿ ಟ್ರೆಂಡ್‌ನ ಖಾಲಿ ಜಾಗ ಹಿಂದಿನಿಂದ ತುಂಬಿಕೊಂಡು ಬಂತು. ಬೇರಿಂಗ್ ಟೆಂಪರೇಚರ್ ಪೂರ್ತಿ ಸಿಕ್ಕಿದೆ. ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು.

ಒಂದು ಬಾಕಿ ಇದೆ. ರಾತ್ರಿ ಮಷೀನ್ ನಿಲ್ಲಿಸಿದ ಮೇಲೆ ಕೆಲವೊಮ್ಮೆ ಕನೆಕ್ಷನ್ ಬೀಳುತ್ತೆ. ಬೆಳಿಗ್ಗೆ ಯೂನಿಟ್ ಚಾಲೂ ಮಾಡಿದಾಗ ಮೊದಲ ಸ್ವಲ್ಪ ಹೊತ್ತು ಡೇಟಾ ತಡವಾಗಿ ಬರುತ್ತೆ. ಕಳೆದುಹೋಗಲ್ಲ, ಆದರೆ ಶಿವಮೊಗ್ಗದಲ್ಲಿ ಕೂತವರಿಗೆ ಸ್ಟಾರ್ಟ್ ಆಗಿದ್ದೇ ಕಾಣಲ್ಲ.

ವರದಾ_ನೆಟ್‌ವರ್ಕ್

ಅದು ಬೇರೆ ಕಥೆ. ಮೊಬೈಲ್ ಸಿಮ್‌ಗೆ ಸಾಮಾನ್ಯವಾಗಿ ಸ್ವಂತ ಪಬ್ಲಿಕ್ ಐಪಿ ಇರಲ್ಲ. ರೂಟರ್‌ನ ವ್ಯಾನ್ ಐಪಿ 100.64ರಿಂದ 100.127ರ ಒಳಗೆ ಶುರುವಾಗಿದ್ದರೆ ಖಂಡಿತ ನೀವು ಮೊಬೈಲ್ ಕಂಪನಿಯ ದೊಡ್ಡ ನ್ಯಾಟ್ (ಹಲವರನ್ನು ಒಂದೇ ಪಬ್ಲಿಕ್ ಐಪಿಯಿಂದ ಹೊರಗೆ ಬಿಡುವ ವ್ಯವಸ್ಥೆ) ಹಿಂದೆ ಇದ್ದೀರಿ. 10ರಿಂದ ಶುರುವಾದರೂ ಅದೇ ಕಥೆ. ಹೊರಗಿನಿಂದ ನಿಮ್ಮ ಕಡೆ ಯಾರೂ ಬರೋಕೆ ಆಗಲ್ಲ, ನೀವೇ ಹೊರಗೆ ಹೋಗಬೇಕು. ಹಾಗಾಗಿ ವಿಪಿಎನ್ ಯಾವತ್ತೂ ಪವರ್‌ಹೌಸ್ ಕಡೆಯಿಂದಲೇ ಶುರುವಾಗಬೇಕು.

ಆ ನ್ಯಾಟ್ ಸುಮ್ಮನಿರುವ ಕನೆಕ್ಷನನ್ನು ಸ್ವಲ್ಪ ಹೊತ್ತಿಗೆ ಮರೆತುಬಿಡುತ್ತೆ. ಯುಡಿಪಿ ಆದರೆ ಕೆಲವೇ ನಿಮಿಷ, ಕೆಲವು ಕಡೆ ಅದಕ್ಕಿಂತ ಕಮ್ಮಿ. ವಿಂಡೋಸ್‌ನ ಟಿಸಿಪಿ ಕೀಪ್‌ಅಲೈವ್ (ಕನೆಕ್ಷನ್ ಸುಮ್ಮನಿದ್ದಾಗ ಆಗಾಗ ಕಳಿಸುವ ಸಣ್ಣ ಪ್ಯಾಕೆಟ್) ಡೀಫಾಲ್ಟ್ 2 ಗಂಟೆ, ಅದನ್ನು ನಂಬಿಕೊಂಡು ಪ್ರಯೋಜನ ಇಲ್ಲ. ವಿಪಿಎನ್‌ನಲ್ಲೇ ಕೀಪ್‌ಅಲೈವ್ ಹಾಕಿ. ವೈರ್‌ಗಾರ್ಡ್ ಆದರೆ ಪರ್ಸಿಸ್ಟೆಂಟ್ ಕೀಪ್‌ಅಲೈವ್ 25 ಸೆಕೆಂಡ್. ಓಪನ್‌ವಿಪಿಎನ್ ಆದರೆ ಕೀಪ್‌ಅಲೈವ್ 10 ಮತ್ತು 60. ಐಪಿಸೆಕ್ ಆದರೆ ಡಿಪಿಡಿ (ಆ ತುದಿ ಜೀವಂತ ಇದೆಯಾ ಅಂತ ನೋಡುವ ಸೆಟ್ಟಿಂಗ್) ಆನ್ ಮಾಡಿ, ನ್ಯಾಟ್ ಕೀಪ್‌ಅಲೈವ್ ಬೇರೆ ಇದ್ದರೆ ಅದನ್ನೂ ಹಾಕಿ.

ಮಾಚೇನಹಳ್ಳಿ_ಫೌಂಡ್ರಿ

ನಮ್ಮದಕ್ಕೂ ಎಫ್, ಎಲ್ ಪಿಂಗ್ ಹೊಡೆದೆ. 1472 ಸಲೀಸಾಗಿ ಹೋಗ್ತಿದೆ. ಹಳೆ ವಿಂಡೋಸ್ 7 ಪಿಸಿಯಲ್ಲಿ ಕಲೆಕ್ಟರ್ ಇದೆ, ಫರ್ನೇಸ್‌ನ ಒಪಿಸಿ ಡಿಎ ಸರ್ವರ್ ಬೇರೆ ಪಿಸಿಯಲ್ಲಿ. ಆ ಒಪಿಸಿ ಪಿಸಿ ಹೊಸದಾಗಿ ಹಾಕಿ ಅಪ್‌ಡೇಟ್ ಮಾಡಿದ ಮೇಲೆ ಒಂದು ಟ್ಯಾಗೂ ಬರ್ತಿಲ್ಲ. ಹಿಸ್ಟೋರಿಯನ್ ಕಡೆ ಕನೆಕ್ಷನ್ ಸರಿ ಇದೆ.

ಭದ್ರಾವತಿ_ಇನ್‌ಸ್ಟ್ರುಮೆಂಟ್

ನಿಮ್ಮದು ಮೊದಲನೇ ತುಂಡು ಮಾರಾಯ್ರೆ. ಹೊಸ ಪಿಸಿಯ ಈವೆಂಟ್ ವ್ಯೂವರ್‌ನಲ್ಲಿ ಸಿಸ್ಟಮ್ ಲಾಗ್ ತೆರೆಯಿರಿ. ಡಿಸ್ಟ್ರಿಬ್ಯೂಟೆಡ್‌ಕಾಮ್ ಹೆಸರಿನಲ್ಲಿ 10036 ನಂಬರಿನ ಎರರ್ ಇದೆಯಾ ನೋಡಿ. ಇದ್ದರೆ ಅದು ಮೈಕ್ರೋಸಾಫ್ಟ್ ಡಿಕಾಮ್ (ಒಪಿಸಿ ಡಿಎ ಒಂದು ಪಿಸಿಯಿಂದ ಇನ್ನೊಂದಕ್ಕೆ ಮಾತಾಡುವ ವಿಂಡೋಸ್ ದಾರಿ) ಬಿಗಿ ಮಾಡಿದ್ದರ ಪರಿಣಾಮ. 2021ರ ಜೂನ್‌ನಲ್ಲಿ ಐಚ್ಛಿಕವಾಗಿ ಬಂತು, 2022ರ ಜೂನ್‌ನಲ್ಲಿ ತಾನಾಗಿ ಆನ್ ಆಯಿತು, 2023ರ ಮಾರ್ಚ್ 14ರ ಅಪ್‌ಡೇಟ್ ನಂತರ ಆಫ್ ಮಾಡೋಕೆ ದಾರಿಯೇ ಇಲ್ಲ. ಕೇಳುವ ಕಡೆಯಿಂದ ‘ಪ್ಯಾಕೆಟ್ ಇಂಟೆಗ್ರಿಟಿ’ ಮಟ್ಟದ ದೃಢೀಕರಣ ಬರಬೇಕು. ಹಳೆ ಕ್ಲೈಂಟ್ ಅಷ್ಟು ಕೊಡದಿದ್ದರೆ ಬಾಗಿಲು ತೆರೆಯಲ್ಲ.

ಕೆಲವರು ಅಪ್‌ಡೇಟ್ ತೆಗೆದುಹಾಕಿ, ಡಿಕಾಮ್‌ನಲ್ಲಿ ‘ಎವರಿಒನ್’ಗೆ ಎಲ್ಲಾ ಅನುಮತಿ ಕೊಡಿ ಅಂತ ಹೇಳ್ತಾರೆ. ಬೇಡ. ವಿಂಡೋಸ್ 7ಗೆ ಸಾಮಾನ್ಯ ಬೆಂಬಲ 2020ರ ಜನವರಿ 14ಕ್ಕೇ ಮುಗಿದಿದೆ. ಕಲೆಕ್ಟರನ್ನು ಒಪಿಸಿ ಸರ್ವರ್ ಇರುವ ಪಿಸಿಗೇ ಹಾಕಿ. ಆಗ ಡಿಕಾಮ್ ನೆಟ್‌ವರ್ಕ್ ದಾಟಲ್ಲ. ಪಿಸಿಯಿಂದ ಹೊರಗೆ ಹೋಗೋದು ಕಲೆಕ್ಟರ್‌ನ ಒಂದೇ ಪೋರ್ಟ್. ಡಿಕಾಮ್ ಆದರೆ 135 ಬೇಕು, ಜೊತೆಗೆ 49152ರಿಂದ 65535ರವರೆಗೆ ಯಾವುದಾದರೂ ಒಂದು. ಯಾವ ಫೈರ್‌ವಾಲ್‌ನಲ್ಲಿ ಅಷ್ಟು ಬಿಡ್ತೀರಿ?

ಪಿಎಲ್‌ಸಿ ಹೊಸದಾಗಿದ್ದರೆ ಡಿಕಾಮ್ ಬೇಡದ ಒಪಿಸಿ ಯುಎಗೆ ಹೋಗಿ. ಪೋರ್ಟ್ ಸಾಮಾನ್ಯವಾಗಿ 4840. ಮೊದಲ ಸಲ ಕ್ಲೈಂಟ್ ಸರ್ಟಿಫಿಕೇಟ್ ಸರ್ವರ್‌ನ ‘ರಿಜೆಕ್ಟೆಡ್’ ಪಟ್ಟಿಯಲ್ಲಿ ಬೀಳುತ್ತೆ. ಅಲ್ಲಿಂದ ‘ಟ್ರಸ್ಟೆಡ್’ಗೆ ಸೇರಿಸಬೇಕು.

ಮಾಚೇನಹಳ್ಳಿ_ಫೌಂಡ್ರಿ

10036 ಸಾಲು ಸಾಲಾಗಿ ಇದೆ ಸರ್! ಕಲೆಕ್ಟರನ್ನ ಒಪಿಸಿ ಪಿಸಿಗೆ ಶಿಫ್ಟ್ ಮಾಡ್ತೀವಿ.

ಆಗುಂಬೆ_ಸೋಲಾರ್

ನಮ್ಮ ಒಂದು ಸೈಟ್‌ನಲ್ಲಿ ಕಲೆಕ್ಟರ್ ಡೇಟಾ ಕಳಿಸ್ತಿದೆ, ಬಫರ್ ಖಾಲಿ ಇದೆ, ಆದರೂ ಇವತ್ತಿನ ಟ್ರೆಂಡ್‌ನಲ್ಲಿ ಏನೂ ಇಲ್ಲ. ಇದಕ್ಕೇನು ಹೇಳ್ತೀರಿ?

ಭದ್ರಾವತಿ_ಇನ್‌ಸ್ಟ್ರುಮೆಂಟ್

ಪಿಸಿಯ ಗಡಿಯಾರ ನೋಡಿ. ಮಲೆನಾಡಿನಲ್ಲಿ ಇದನ್ನು ಎಲ್ಲರೂ ಮೊದಲು ನೋಡಬೇಕು. ಯುಪಿಎಸ್ ಮುಗಿದು ಪಿಸಿ ಆಫ್ ಆಗುತ್ತೆ. ಮದರ್‌ಬೋರ್ಡ್ ಮೇಲಿನ ಸಿಆರ್2032 ಬ್ಯಾಟರಿ ಸತ್ತಿದ್ದರೆ ಮತ್ತೆ ಆನ್ ಆದಾಗ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತೆ. ಡೇಟಾ ಹೋಗುತ್ತೆ, ಆದರೆ ಆ ಹಳೆ ತಾರೀಖಿನಲ್ಲಿ ಕೂರುತ್ತೆ, ಇಲ್ಲವೇ ಸರ್ವರ್ ತಿರಸ್ಕರಿಸುತ್ತೆ. ಗಡಿಯಾರ ಮುಂದೆ ಇದ್ದರೂ ಕಷ್ಟ. ಸರ್ವರ್ ಸಮಯಕ್ಕಿಂತ ಬಹಳ ಮುಂದಿನ ಡೇಟಾವನ್ನು ಹಿಸ್ಟೋರಿಯನ್‌ಗಳು ಸಾಮಾನ್ಯವಾಗಿ ತೆಗೆದುಕೊಳ್ಳಲ್ಲ. ಡೊಮೇನ್ ಲಾಗಿನ್ ಆದರೆ ಕೆರ್ಬೆರೋಸ್‌ಗೆ 5 ನಿಮಿಷದ ವ್ಯತ್ಯಾಸವೇ ಜಾಸ್ತಿ. ಯುಎ ಸರ್ಟಿಫಿಕೇಟ್ ಕೂಡ ‘ಇನ್ನೂ ಜಾರಿಗೆ ಬಂದಿಲ್ಲ’ ಅಂತ ಫೇಲ್ ಆಗುತ್ತೆ.

ಡೇಟಾ ಸರಿಯಾಗಿ ಐದೂವರೆ ಗಂಟೆ ಹಿಂದೆ ಅಥವಾ ಮುಂದೆ ಕೂತಿದ್ದರೆ ಗಡಿಯಾರ ಅಲ್ಲ, ಟೈಮ್ ಝೋನ್. ಯಾರೋ ಯುಟಿಸಿ ಸಮಯವನ್ನು ಲೋಕಲ್ ಅಂತ ಓದುತ್ತಿದ್ದಾರೆ.

ರೂಟರನ್ನೇ ಎನ್‌ಟಿಪಿ ಸರ್ವರ್ ಮಾಡಿ, ಯುಡಿಪಿ 123 ಬಿಡಿ, ಪಿಸಿ, ಪಿಎಲ್‌ಸಿ ಎರಡೂ ಅದರಿಂದಲೇ ಸಮಯ ತಗೊಳ್ಳಲಿ. ಸಿಆರ್2032 ಮಳೆಗೆ ಮುಂಚೆ ಬದಲಾಯಿಸಿ. ಅದು ಯಾವ ಅಂಗಡಿಯಲ್ಲೂ ಸಿಗುತ್ತೆ.

ತೀರ್ಥಹಳ್ಳಿ_ಹೈಡೆಲ್

ಕೀಪ್‌ಅಲೈವ್ 25 ಹಾಕಿದ ಮೇಲೆ ರಾತ್ರಿ ಬೀಳುವುದು ನಿಂತಿದೆ. ಈಗ ಬೆಳಿಗ್ಗೆ ಯೂನಿಟ್ ಏರುವುದು ಶಿವಮೊಗ್ಗದಲ್ಲೂ ಅದೇ ಹೊತ್ತಿಗೆ ಕಾಣುತ್ತೆ. ಕೊನೆಯ ಪ್ರಶ್ನೆ: ಲೈನ್ ದಿನಗಟ್ಟಲೆ ಹೋದರೆ ಬಫರ್‌ಗೆ ಎಷ್ಟು ಜಾಗ ಇಡಬೇಕು?

ಭದ್ರಾವತಿ_ಇನ್‌ಸ್ಟ್ರುಮೆಂಟ್

ಲೆಕ್ಕ ಹಾಕೋಣ. 200 ಟ್ಯಾಗ್, 5 ಸೆಕೆಂಡಿಗೊಮ್ಮೆ ಅಂದರೆ ಸೆಕೆಂಡಿಗೆ 40 ಸ್ಯಾಂಪಲ್. ದಿನಕ್ಕೆ 34,56,000. ಒಂದಕ್ಕೆ 30 ಬೈಟ್ ಅಂತ ಹಿಡಿದರೆ ದಿನಕ್ಕೆ ಸುಮಾರು 100 ಎಂಬಿ. ಡೆಡ್‌ಬ್ಯಾಂಡ್ (ಸಣ್ಣಪುಟ್ಟ ಬದಲಾವಣೆ ದಾಖಲಿಸದ ಮಿತಿ) ಇದ್ದರೆ ಇದಕ್ಕಿಂತ ಎಷ್ಟೋ ಕಮ್ಮಿ. ಆದರೂ ಲೆಕ್ಕ ಕೆಟ್ಟ ದಿನಕ್ಕೇ ಹಾಕಬೇಕು. ಒಂದು ತಿಂಗಳಿಗೆ 3 ಜಿಬಿ. ಇವತ್ತಿನ ಡಿಸ್ಕ್‌ಗೆ ಅದೇನೂ ದೊಡ್ಡದಲ್ಲ. ಕಲೆಕ್ಟರ್ ಸೆಟ್ಟಿಂಗ್‌ನಲ್ಲಿ ಬಫರ್‌ಗೆ ಮಿತಿ ಇರುತ್ತೆ, ಡಿಸ್ಕ್‌ನಲ್ಲಿ ಜಾಗ ಇದ್ದರೂ ಆ ಮಿತಿ ಮುಟ್ಟಿದ ಮೇಲೆ ಡೇಟಾ ಉಳಿಯಲ್ಲ. ಅದನ್ನು ಏರಿಸಿ.

ವಾಪಸ್ ತುಂಬಲು ಎಷ್ಟು ಹೊತ್ತು ಅಂತಲೂ ಗೊತ್ತಿರಲಿ. 3 ದಿನ ಲೈನ್ ಇಲ್ಲದಿದ್ದರೆ 1,03,68,000 ಸ್ಯಾಂಪಲ್ ಬಾಕಿ. ನಿಮ್ಮ ಲಿಂಕ್ ಸೆಕೆಂಡಿಗೆ 1000 ಸ್ಯಾಂಪಲ್ ದಾಟಿಸಿದರೆ, ಅದರಲ್ಲಿ 40 ಲೈವ್ ಡೇಟಾಗೆ ಹೋಗುತ್ತೆ, ಉಳಿದದ್ದರಲ್ಲಿ 3 ಗಂಟೆ ಬೇಕು. ಆ 3 ಗಂಟೆಯಲ್ಲಿ ಯಾರೂ ಗಾಬರಿಯಾಗಿ ಸರ್ವೀಸ್ ರೀಸ್ಟಾರ್ಟ್ ಮಾಡಬಾರದು, ಬಫರ್ ಫೈಲ್ ಅಳಿಸಬಾರದು. ಶಿಫ್ಟ್‌ನವರಿಗೆ ಇದನ್ನು ಬರೆದು ಪಿಸಿ ಪಕ್ಕ ಅಂಟಿಸಿ.

ಜೊತೆಗೆ ಪಿಎಲ್‌ಸಿಯಲ್ಲಿ ಪ್ರತಿ ಸೆಕೆಂಡಿಗೆ ಒಂದು ಏರುವ ಕೌಂಟರ್ ಟ್ಯಾಗ್ ಮಾಡಿ. ಶಿವಮೊಗ್ಗದ ಕಡೆ ಆ ಟ್ಯಾಗ್ 2 ನಿಮಿಷ ಬದಲಾಗದಿದ್ದರೆ ಅಲಾರಂ ಹೊಡೆಯುವ ಹಾಗೆ ಹಾಕಿ.

ತೀರ್ಥಹಳ್ಳಿ_ಹೈಡೆಲ್

ಕೌಂಟರ್ ಟ್ಯಾಗ್ ಹಾಕಿದ್ದೇನೆ ಸರ್. ಬಫರ್ ಮಿತಿ 5 ಜಿಬಿಗೆ ಏರಿಸಿದೆ. ಫೈಬರ್ ಸರಿಯಾದ ಮೇಲೆ ಎರಡೂ ಲೈನ್ ಇಟ್ಟುಕೊಂಡು ಒಂದು ಹೋದರೆ ಇನ್ನೊಂದಕ್ಕೆ ತಿರುಗುವ ಹಾಗೆ ಮಾಡಬೇಕು ಅಂತಿದ್ದೇವೆ.

ವರದಾ_ನೆಟ್‌ವರ್ಕ್

ಹಾಗೆ ಮಾಡುವಾಗ ಎಂಎಸ್‌ಎಸ್ 1300 ಎರಡೂ ಲೈನಿಗೂ ಇರಲಿ. ಫೈಬರ್‌ನಿಂದ 4ಜಿಗೆ ತಿರುಗಿದಾಗ ಹಳೆ ಕನೆಕ್ಷನ್ ದೊಡ್ಡ ಪ್ಯಾಕೆಟ್ ಅಭ್ಯಾಸದಲ್ಲೇ ಉಳಿದರೆ ಮತ್ತೆ ಇದೇ ತೊಂದರೆ. ತಿರುಗಿಸಿದ ಮೇಲೆ ಎಫ್, ಎಲ್ ಪಿಂಗ್ ಎರಡೂ ಲೈನಿನಲ್ಲಿ ಹೊಡೆದು ಸಂಖ್ಯೆ ಇಲ್ಲಿ ಹಾಕಿ, ನೋಡೋಣ.